ಬೀಗರ ಜಗಳ, ಮಕ್ಕಳ ದಾವೆ

ಸಂಘದ ಕಚೇರಿಗೆ ವಧೂವರರ ಜಾತಕ ಹಿಡಿದು ಬರುವವರಷ್ಟೇ ಅಲ್ಲ, ಮುರಿದ ಸಂಸಾರದ ಕಾಗದಪತ್ರ ಹಿಡಿದು ಬರುವವರೂ ಈಗ ಉಂಟು. "ಹುಡುಗಿ ಸೋಡಚೀಟಿ ಕೇಳುತ್ತಾಳೆ, ಅವರು ಒಪ್ಪುವುದಿಲ್ಲ" ಎನ್ನುತ್ತಾರೆ. ಒಪ್ಪದವನು ಗಂಡನೋ, ಅವನ ಅಕ್ಕಭಾವಂದಿರೋ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ.

ಈ ತಡವರಿಕೆಯಲ್ಲೇ ವರ್ಷಗಳು ಕಳೆದುಹೋಗುತ್ತವೆ. ಆಂಧ್ರದ ಒಂದು ಮೊಕದ್ದಮೆಯನ್ನು ನೋಡಿ. ಮದುವೆ ನಡೆದದ್ದು 1999ರ ಏಪ್ರಿಲಿನಲ್ಲಿ. ಮರುದಿನವೇ ಎರಡು ಕಡೆಯ ಹಿರಿಯರಿಗೆ ಮಾತಿಗೆ ಮಾತು ಬೆಳೆದು, ಚಪ್ಪಲಿಗಳು ತೂರಾಡಿದುವು. ಅದರ ಮರುದಿನ ದಂಪತಿಗಳು ಬೇರೆಯಾದರು. ಆಮೇಲೆ ದೂರು, ದೂರಿನ ಮೇಲೆ ದೂರು, ಪೋಲೀಸು, ಮೇಲ್ಮನವಿ. ಕುಟುಂಬ ನ್ಯಾಯಾಲಯ ಬಿಡುಗಡೆ ಕೊಟ್ಟಿತು, ಹೈಕೋರ್ಟು ತೆಗೆದುಹಾಕಿತು. ಕೊನೆಗೆ 2013ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ವಿಚ್ಛೇದನ ಮಂಜೂರು ಮಾಡಿ, ಹೆಂಡತಿಗೆ 15 ಲಕ್ಷ ರೂಪಾಯಿ ಕೊಡಿಸಿತು. ಎರಡು ದಿನದ ದಾಂಪತ್ಯಕ್ಕೆ ಹದಿನಾಲ್ಕು ವರ್ಷಕ್ಕೆ ಎರಡು ತಿಂಗಳು ಕಡಿಮೆ ವ್ಯಾಜ್ಯ! ಇಂಥ ಪ್ರಕರಣಗಳಲ್ಲಿ ಆರಂಭದಲ್ಲೇ ಮಧ್ಯಸ್ಥಿಕೆಗೆ ಮನಃಪೂರ್ವಕ ಪ್ರಯತ್ನ ನಡೆಯಬೇಕೆಂದು ಅದೇ ತೀರ್ಪು ಹೇಳಿದೆ. ಚಪ್ಪಲಿ ಎಸೆದವರ ಪ್ರಾಯವೂ ಅಷ್ಟರಲ್ಲಿ ಹದಿನಾಲ್ಕು ಏರಿತ್ತು.

ಇಬ್ಬರೂ ಒಪ್ಪಿ ಬಿಡುಗಡೆ ಪಡೆಯುವ ದಾರಿ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಸೇರಿತು. ಮೊದಲ ಅರ್ಜಿಗೂ ಎರಡನೆಯದಕ್ಕೂ ನಡುವೆ ಆರು ತಿಂಗಳು. ತಕ್ಕ ಕಾರಣವಿದ್ದರೆ ನ್ಯಾಯಾಲಯ ಈ ಅವಧಿಯನ್ನು ಮನ್ನಿಸಬಹುದೆಂದು 2017ರಲ್ಲಿ ಇತ್ಯರ್ಥವಾಯಿತು. ಆದರೆ ಡಿಕ್ರಿ ಆಗುವ ತನಕ ಒಬ್ಬರು ಒಪ್ಪಿಗೆ ಹಿಂದೆಗೆದುಕೊಳ್ಳಬಹುದು. ಊರಿನ ಚಿಕ್ಕಪ್ಪನ ಟೆಲಿಫೋನು ಬರುವುದು ಈ ಆರು ತಿಂಗಳಲ್ಲೇ. "ಸುಮ್ಮನೆ ಬಿಡಬೇಡ, ಅವರಿಗೆ ಪಾಠವಾಗಲಿ" ಎಂದು ಹೇಳಿ ಆತ ಮಲಗಿಬಿಡುತ್ತಾನೆ. ರಜೆ ಹಾಕಿ, ಪವಾಯಿಯಿಂದ ಬಸ್ಸು ಹಿಡಿದು, ಬಾಂದ್ರಾ-ಕುರ್ಲಾ ಸಂಕೀರ್ಣದ ಕುಟುಂಬ ನ್ಯಾಯಾಲಯದಲ್ಲಿ ದಿನವಿಡೀ ಕಾಯುವವಳು ಹುಡುಗಿ.

ಒಪ್ಪಿಗೆ ಮುರಿದರೆ ಕ್ರೌರ್ಯವನ್ನೋ, ಎರಡು ವರ್ಷ ಬಿಟ್ಟುಹೋದದ್ದನ್ನೋ ಸಾಕ್ಷಿಯಿಂದ ತೋರಿಸಬೇಕು. ಸಿಟ್ಟಿನಲ್ಲಿ ಬರೆದ ವಾಟ್ಸಾಪ್ ಮಾತೂ ಅಲ್ಲಿ ಪುರಾವೆಯಾಗಿ ಬರಬಹುದು. 1984ರ ಕುಟುಂಬ ನ್ಯಾಯಾಲಯ ಕಾಯಿದೆ ಈ ವಿಷಯದಲ್ಲಿ ಉದಾರವಾಗಿದೆ. ಅದೇ ಕಾಯಿದೆಯಂತೆ ಒಬ್ಬ ಕಕ್ಷಿದಾರರು ಬಯಸಿದರೂ ಸಾಕು, ವಿಚಾರಣೆ ಗುಟ್ಟಾಗಿ ನಡೆಯಬೇಕು. ಹಾಗೆ ನಡೆದಾಗ ಗಾಡಿ ಮಾಡಿಕೊಂಡು ಬಂದ ಹತ್ತು ಮಂದಿ ಬಂಧುಗಳು ಹೊರಗೆ ನಿಂತು ಚಹಾ ಕುಡಿಯತಕ್ಕದ್ದು.

ಹಾಗೆಂದು ಹಿರಿಯರು ಬಾಯಿ ಮುಚ್ಚಿರಬೇಕೆಂದು ನಾವು ಹೇಳುತ್ತಿಲ್ಲ. ಮಗಳ ಮೈಮೇಲೆ ಬಾಸುಂಡೆ ಕಂಡ ಮೇಲೂ "ಹೊಂದಿಕೊಂಡು ಹೋಗು" ಎಂದು ರೈಲು ಹತ್ತಿಸುವ ತಂದೆಗಿಂತ, ಬಂದು ಬಾಗಿಲು ತಟ್ಟುವ ತಂದೆಯೇ ಮೇಲು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಲ್ಲಿ ರಕ್ಷಣಾಧಿಕಾರಿಗೆ ಬೇರೆಯವರೂ ಸುದ್ದಿ ಮುಟ್ಟಿಸಬಹುದು. ಅದು ಹಸ್ತಕ್ಷೇಪವಲ್ಲ. ಪರವೂರಿನಲ್ಲಿ ಮನೆಬಿಟ್ಟು ಬಂದವಳಿಗೆ ಒಂದು ಕೋಣೆ, ವಕೀಲರ ಶುಲ್ಕಕ್ಕೆ ಕೈಗಡ, ಮಗುವನ್ನು ಶಾಲೆಗೆ ಬಿಡುವ ಅಜ್ಜಿ, ಇವಿಲ್ಲದೆ ದಾವೆಯೇ ನಡೆಯದು.

ಆದರೆ ದೂರು ಬರೆಯುವಾಗ ಮಂಗಳೂರಿನ ನಾದಿನಿ, ಧಾರವಾಡದ ಮೈದುನ, ಎಲ್ಲರ ಹೆಸರನ್ನೂ ಪೋಣಿಸುವ ಚಾಳಿಯಿದೆಯಲ್ಲ, ಅದನ್ನು ಬಿಡುವುದು ಒಳ್ಳೆಯದು. ಯಾರು ಏನು ಮಾಡಿದರೆಂದು ಬಿಡಿಸಿ ಹೇಳದ ಸಾಮೂಹಿಕ ಆರೋಪದ ಮೇಲೆ ಗಂಡನ ಬಂಧುಗಳನ್ನು ವಿಚಾರಣೆಗೆ ಎಳೆಯಲಾಗದೆಂದು 2022ರಲ್ಲಿ ಸುಪ್ರೀಂ ಕೋರ್ಟು ಒಂದು ಪ್ರಕರಣವನ್ನೇ ರದ್ದು ಮಾಡಿತು. ನಿಜವಾಗಿ ಹೊಡೆದವನ ಮೇಲಿನ ಮಾತೂ ಈ ಗದ್ದಲದಲ್ಲಿ ತೆಳ್ಳಗಾಗುತ್ತದೆ.

ಎರಡು ಕಡೆಯಿಂದಲೂ ಒಬ್ಬೊಬ್ಬರೇ ಮಾತನಾಡಲಿ, ಅವರು ಮುಂಬಯಿಯಲ್ಲೇ ಇರುವವರಾಗಲಿ, ಮುದ್ದತ್ತಿನ ದಿನ ಬರುವವರಾಗಲಿ. ನ್ಯಾಯಾಲಯದ ಸಲಹೆಗಾರರ ಕೋಣೆಗೆ ದಂಪತಿಗಳಷ್ಟೇ ಹೋಗಲಿ. ಮಗುವಿದ್ದರೆ, ತಂದೆಯನ್ನು ನೋಡುವ ವೇಳೆಗೆ ಸರಿಯಾಗಿ ಅದನ್ನು ಕರೆತರುವ ಕೆಲಸ ಅಜ್ಜನಿಗೆ ಇರಲಿ. ದಾರಿಯಲ್ಲಿ ಅದರ ಅಪ್ಪನ ವಿಷಯ ತೆಗೆಯದೆ.