ಹಡಗಿನಿಂದಿಳಿದು ದೋಣಿಯನ್ನೇರಿ

ಆರ್.ಟಿ. ನಗರದ ಸದ್ಭಕ್ತರೊಬ್ಬರು ಬರೆದ ಪತ್ರ ಹದಿನೈದು ದಿನಗಳಿಂದ ನಮ್ಮ ಮೇಜಿನ ಮೇಲಿದೆ. ಮುಂಬಯಿಯಿಂದ ಹೊರಡುವ ವಿಹಾರದ ಹಡಗಿನಲ್ಲಿ ಅವರ ಕುಟುಂಬ ಕೊಚ್ಚಿಗೆ ಹೋಗಲಿದೆಯಂತೆ. ಹಡಗು ಅಲ್ಲಿ ನಿಲ್ಲುವುದು ಒಂದು ಹಗಲು ಮಾತ್ರ. ವೃದ್ಧ ತಂದೆತಾಯಿಗಳನ್ನು ಕರೆದುಕೊಂಡು ಸರಕಾರಿ ದೋಣಿ ಬಸ್ಸುಗಳಲ್ಲಿ ಊರು ನೋಡಿಬರಬಹುದೇ, ಇಲ್ಲವೇ ಹಡಗಿನವರು ಏರ್ಪಡಿಸುವ ಗಾಡಿಯಲ್ಲಿಯೇ ಹೋಗುವುದು ಲೇಸೇ ಎಂಬುದು ಅವರ ಪ್ರಶ್ನೆ. ಧರ್ಮಗ್ರಂಥಗಳ ಸಂದೇಹಗಳಿಗೆ ಉತ್ತರ ಬರೆಯುತ್ತ ಬಂದ ನಮಗೆ ಇಂತಹ ಪ್ರಶ್ನೆ ಇದೇ ಮೊದಲನೆಯದು. ಆದರೂ 2025ರ ಆರಂಭದಲ್ಲಿ ಅದೇ ದಾರಿಯಲ್ಲಿ ಹೋಗಿ ಬಂದವರಾದುದರಿಂದ, ಕಂಡದ್ದನ್ನು ಕಂಡಂತೆ ಹೇಳಬಲ್ಲೆವು.

ಯಲಹಂಕದ ನಾಲ್ಕು ಮನೆತನಗಳ ಹತ್ತು ಮಂದಿ ಹೊರಟಿದ್ದರು. ಹಿರಿಯರೊಬ್ಬರು ಜೊತೆಯಲ್ಲಿರಲೆಂದು ನಮ್ಮನ್ನೂ ಕರೆದರು. ಮಠದ ಪ್ರಸಾದ ಉಂಡು ಬೆಳೆದವರಿಗೆ ವಿಹಾರದ ಹಡಗೇತಕ್ಕೆ ಎಂದು ನಮಗೇ ಅನ್ನಿಸಿತ್ತು. ನಡುಗಡಲನ್ನು ಕಣ್ಣಾರೆ ಕಾಣುವ ಆಸೆ ಆ ಸಂಕೋಚವನ್ನು ಗೆದ್ದಿತೆಂಬುದನ್ನು ಮುಚ್ಚಿಡುವುದಿಲ್ಲ. ಯಲಹಂಕದ ಹೆದ್ದಾರಿಯಲ್ಲಿ ವಿಮಾನ ನಿಲ್ದಾಣದ ಬಸ್ಸುಗಳು ಒಂದರ ಹಿಂದೊಂದು ಓಡುತ್ತಿದ್ದರೂ ನಮ್ಮ ತಂಡ ಮೂರು ಕಾರುಗಳಲ್ಲಿ ಹೋಯಿತು. ಬಸ್ಸಿನ ಮಾತೆತ್ತಿದವರು ಒಬ್ಬರೇ, ಎಪ್ಪತ್ತನಾಲ್ಕು ವರ್ಷದ ಒಬ್ಬ ತಾಯಿ. ಅವರ ಪತಿ ಬಿ.ಟಿ.ಎಸ್. ಬಸ್ಸಿನಲ್ಲಿ ನಿರ್ವಾಹಕರಾಗಿದ್ದವರು, 1997ರಲ್ಲಿ ಅದು ಬಿ.ಎಂ.ಟಿ.ಸಿ. ಆಗುವ ಮೊದಲೇ ನಿವೃತ್ತರಾಗಿ, ಈಗ ಲಿಂಗೈಕ್ಯರಾಗಿದ್ದಾರೆ. ಆ ಸಂಬಳದಲ್ಲಿ ಓದಿದ ಮಗ ಇಂದು ಯಲಹಂಕ ಉಪನಗರದಲ್ಲಿ ಸ್ವಂತ ಮನೆ ಕಟ್ಟಿಸಿದ್ದಾನೆ. ಬಸ್ಸು ಹತ್ತಿ ಹನ್ನೆರಡು ವರ್ಷಗಳಾದುವೆಂದು ಅವನೇ ನಗುತ್ತ ಹೇಳಿದ. ತಾಯಿ ನಗಲಿಲ್ಲ.

ಕೊಚ್ಚಿಯಲ್ಲಿ ವಿಹಾರದ ಹಡಗುಗಳು ನಿಲ್ಲುವುದು ವಿಲ್ಲಿಂಗ್ಡನ್ ದ್ವೀಪದಲ್ಲಿ. ಇದು ಮನುಷ್ಯರು ನಿರ್ಮಿಸಿದ ದ್ವೀಪವೆಂಬುದನ್ನು ತಿಳಿದು ನಮಗೆ ಆಶ್ಚರ್ಯವಾಯಿತು. 1920ರಲ್ಲಿ ಅಲ್ಲಿಗೆ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರು, ಅಳಿವೆಯ ಬಾಯಿಗೆ ಅಡ್ಡಲಾಗಿದ್ದ ಮರಳ ದಿಬ್ಬವನ್ನು ಕಡಿಸಿ, ಹಿನ್ನೀರನ್ನು ಆಳಗೊಳಿಸಿ, ಹಾಗೆ ಎತ್ತಿದ ಹೂಳಿನಿಂದಲೇ ಸುಮಾರು 780 ಎಕರೆ ನೆಲವನ್ನು ಎಬ್ಬಿಸಿದರು. 1928ರ ಮೇ 26ರಂದು ‘ಪದ್ಮಾ’ ಎಂಬ ಹಡಗು ಮೊದಲ ಬಾರಿಗೆ ಒಳಬಂದರನ್ನು ಪ್ರವೇಶಿಸಿತು. ದ್ವೀಪದ ಒಂದು ಕಡೆ ಎರ್ನಾಕುಲಂ ಪಟ್ಟಣ, ಮತ್ತೊಂದು ಕಡೆ ಮಟ್ಟಾಂಚೇರಿ ಮತ್ತು ಫೋರ್ಟ್ ಕೊಚ್ಚಿ. ಎರಡೂ ಕಡೆಗೆ ಸೇತುವೆಗಳುಂಟು, ದೋಣಿಗಳೂ ಉಂಟು. ಓದುಗರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ನಮ್ಮನ್ನು ಕಾಪಾಡಿದ್ದು ಇದೇ.

ಬೆಳಿಗ್ಗೆ ಪೂಜೆ ಮುಗಿಸಿ ಇಳಿಯುವಾಗ ಹಡಗಿನವರು ಎರಡು ಮಾತು ಹೇಳಿದರು. ಸಂಜೆ ನಾಲ್ಕೂವರೆಗೆ ಎಲ್ಲರೂ ಒಳಗಿರಬೇಕು. ತಮ್ಮ ಗಾಡಿಯಲ್ಲಿ ಹೋದವರು ತಡವಾದರೆ ಹಡಗು ಕಾಯುತ್ತದೆ, ತಾವೇ ಹೋದವರಿಗಾಗಿ ಕಾಯುವುದಿಲ್ಲ. ಮಗ ಕೂಡಲೇ ಗಾಡಿಯ ಕಡೆಗೆ ತಿರುಗಿದ. ತಲೆಗೆ ಸಾವಿರಾರು ರೂಪಾಯಿಯ ಮಾತು ಕೇಳಿ ಉಳಿದವರು ಹಿಂಜರಿದರು. ತಾಯಿ ಮಾತ್ರ, “ದೋಣಿ ಇರುವ ಊರಿಗೆ ಬಂದು ಕಾರಿನಲ್ಲಿ ಕೂರುವುದೇ?” ಎಂದರು. ಹನ್ನೊಂದು ಮಂದಿಯೂ ದೋಣಿಕಟ್ಟೆಗೆ ನಡೆದೆವು.

ಕೇರಳ ರಾಜ್ಯ ಜಲಸಾರಿಗೆ ಇಲಾಖೆಯ ದೋಣಿಗಳು ಊರ ಜನರಿಗಾಗಿ ಇರುವ ದೋಣಿಗಳು. ಮರದ ಹಲಗೆಯ ಆಸನ, ತೆರೆದ ಕಿಟಕಿ, ಕೆಲಸಕ್ಕೆ ಹೋಗುವ ಗಂಡಸರು ಹೆಂಗಸರು, ಬುತ್ತಿಯ ಚೀಲಗಳು. ಎರ್ನಾಕುಲಕ್ಕೆ ಒಬ್ಬರಿಗೆ ಹತ್ತು ರೂಪಾಯಿಯೊಳಗೇ ಮುಗಿಯಿತು. ಹಗ್ಗವನ್ನು ಬಿಚ್ಚಿ ಕಟ್ಟುವ ಆಳು ನಮ್ಮ ಜೊತೆಯ ತಾಯಿಯ ಮೊಣಕೈಯನ್ನು ಹಿಡಿದು ಒಳಗಿಳಿಸಿ, ಅವರು ಕೂತಮೇಲೆಯೇ ಹಗ್ಗ ಸಡಿಲಿಸಿದ. ದೋಣಿ ದಾಟಿಸುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದ ಅಂಬಿಗರ ಚೌಡಯ್ಯನವರ ನೆನಪು ಆಗ ನಮಗೆ ಬಂದುದು ಸಹಜ. ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದಲ್ಲಿ ತುಂಗಭದ್ರೆಯ ದಡದ ಮೇಲೆ ನಿಂತು ಆ ಶರಣರನ್ನು ಎಷ್ಟೋ ಬಾರಿ ನೆನೆದಿದ್ದೇವೆ. ಆದರೆ ಅಂಬಿಗನ ಕೈಯನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಎರ್ನಾಕುಲಂ ದೋಣಿಕಟ್ಟೆಯಿಂದ ಫೋರ್ಟ್ ಕೊಚ್ಚಿಗೆ ಇನ್ನೊಂದು ದೋಣಿ, ಸುಮಾರು ಇಪ್ಪತ್ತು ನಿಮಿಷದ ದಾರಿ. ಅಲ್ಲಿ ಚೀನೀ ಬಲೆಗಳನ್ನು ನೋಡಿದೆವು. 1524ರಲ್ಲಿ ವಾಸ್ಕೋ ಡ ಗಾಮನನ್ನು ಹೂಳಿದ್ದ ಸೇಂಟ್ ಫ್ರಾನ್ಸಿಸ್ ಚರ್ಚನ್ನೂ ನೋಡಿದೆವು. ಮಟ್ಟಾಂಚೇರಿ ಅರಮನೆಯ ರಾಮಾಯಣದ ಭಿತ್ತಿಚಿತ್ರಗಳನ್ನು ನೋಡುವುದು ನಮ್ಮ ಬಹುದಿನದ ಬಯಕೆಯಾಗಿತ್ತು. ಅದಕ್ಕಾಗಿ ಬಸ್ಸು ಹಿಡಿಯಬೇಕು, ಆದರೆ ಹಲಗೆಯೆಲ್ಲ ಮಲಯಾಳ. ಮಠದಲ್ಲಿ ಗುರುಗಳು ಅಕ್ಕರೆಯಿಂದ ಕಲಿಸಿದ ಗ್ರಂಥಲಿಪಿ ಇಲ್ಲಿ ನೆರವಿಗೆ ಬಂತು. ಮಲಯಾಳದ ಅಕ್ಷರಗಳು ಅದರಿಂದಲೇ ಬೆಳೆದವು. ಕಷ್ಟಪಟ್ಟು ಹಲಗೆಯನ್ನು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟೇಹೋಗಿತ್ತು. ತಾಯಿ ಪಕ್ಕದ ಹೂವಾಡಗಿತ್ತಿಯನ್ನು ಕನ್ನಡದಲ್ಲಿಯೇ ಕೇಳಿ ಮುಂದಿನ ಬಸ್ಸಿಗೆ ನಮ್ಮನ್ನು ಹತ್ತಿಸಿದರು.

ಆ ಬಸ್ಸಿನಲ್ಲಿ ನಿರ್ವಾಹಕ ಬಂದಾಗ ಅವರು ಅಭ್ಯಾಸಬಲದಿಂದ ಆಧಾರ್ ಚೀಟಿಯನ್ನು ಮುಂದೆ ಹಿಡಿದರು. ನಮ್ಮ ರಾಜ್ಯದಲ್ಲಿ 2023ರ ಜೂನ್ 11ರಿಂದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ. ಕೇರಳದಲ್ಲಿ ಆಗ ಆ ಏರ್ಪಾಡಿರಲಿಲ್ಲ. ನಿರ್ವಾಹಕ ಚೀಟಿಯ ಮೇಲಿನ ಚಿತ್ರವನ್ನು ನೋಡಿ, ಅವರ ಮುಖವನ್ನು ನೋಡಿ, ಚಿತ್ರ ಚೆನ್ನಾಗಿದೆಯೆಂಬಂತೆ ತಲೆಯಾಡಿಸಿ, ಹತ್ತು ರೂಪಾಯಿ ಕೇಳಿದ. ಇಷ್ಟೆಲ್ಲ ಮಾಡಿ ಹೋದರೆ ಅಂದು ಶುಕ್ರವಾರ, ಅರಮನೆಗೆ ರಜೆ. ಹತ್ತಿರದ ಯಹೂದಿ ದೇಗುಲದ ಬಾಗಿಲೂ ಮುಚ್ಚಿತ್ತು. ವಾರವನ್ನು ಮೊದಲೇ ನೋಡದೆ ಹೋದುದು ನಮ್ಮದೇ ತಪ್ಪು.

ಪೇಚಾಟವಾದದ್ದು ಮರಳುವಾಗ. ಫೋರ್ಟ್ ಕೊಚ್ಚಿಯಲ್ಲಿ ಬಸ್ಸಿಳಿದ ಮೇಲೆ ಮಗನೂ ಸೊಸೆಯೂ ಬಲೆಗಳ ಚಿತ್ರ ತೆಗೆಯಲು ಹಿಂದುಳಿದರು. “ದೋಣಿಕಟ್ಟೆಗೆ ಬನ್ನಿ” ಎಂದು ಹೇಳಿ ನಾವು ಮುಂದೆ ನಡೆದೆವು. ಆ ಊರಿನಲ್ಲಿ ದೋಣಿಕಟ್ಟೆ ಒಂದೇ ಅಲ್ಲ! ಎರ್ನಾಕುಲಂ ದೋಣಿಯ ಕಟ್ಟೆ ಬೇರೆ; ವೈಪೀನ್ ದ್ವೀಪಕ್ಕೆ ವಾಹನಗಳನ್ನೂ ಜನರನ್ನೂ ಒಟ್ಟಿಗೆ ಸಾಗಿಸುವ ‘ರೋ-ರೋ’ ನಾವೆಯ ಕಟ್ಟೆ ಬೇರೆ; ವಾಟರ್ ಮೆಟ್ರೋ ನಿಲ್ದಾಣ ಮತ್ತೊಂದು. ಎರಡೂ ಮುಕ್ಕಾಲಿಗೆ ದೋಣಿ ಹೊರಡಲು ಸಿದ್ಧವಾದಾಗ ಮಗ ಫೋನಿನಲ್ಲಿ, “ನಾವು ದೋಣಿಯಲ್ಲೇ ಇದ್ದೇವೆ, ನೀವೆಲ್ಲಿ?” ಎಂದು ಕೇಳಿದ. ಅವರಿದ್ದ ನಾವೆ ಆಗಲೇ ವೈಪೀನಿನ ಅರ್ಧ ದಾರಿಯಲ್ಲಿತ್ತು.

ತಾಯಿ ದೋಣಿ ಹತ್ತಲು ಒಪ್ಪಲಿಲ್ಲ. ಉಳಿದ ಏಳು ಮಂದಿಯನ್ನು ಕಳುಹಿಸಿ ನಾವು ಅವರೊಡನೆ ನಿಂತೆವು. ಹಡಗು ತಪ್ಪಿದರೆ ಕೈಯಲ್ಲಿ ಬಟ್ಟೆಯಿಲ್ಲ, ಆ ತಾಯಿಯ ಸಕ್ಕರೆ ಕಾಯಿಲೆಯ ಮಾತ್ರೆಗಳಿಲ್ಲ. ನಮ್ಮ ಪುಸ್ತಕಗಳು, ಪೂಜೆಯ ಸಾಮಗ್ರಿ ಎಲ್ಲವೂ ಹಡಗಿನ ಕೋಣೆಯಲ್ಲಿ. ಗಡಿಯಾರ ನೋಡುವ ಧೈರ್ಯವಾಗಲಿಲ್ಲ. ಮಗ ಅದೇ ನಾವೆಯಲ್ಲಿ ಹಿಂದಿರುಗಿ ಓಡಿಬಂದಾಗ ಮೂರೂಕಾಲು. ಮುಂದಿನ ದೋಣಿಯಲ್ಲಿ ಎರ್ನಾಕುಲಕ್ಕೆ ಹೋಗಿ, ಅಲ್ಲಿ ಮತ್ತೊಂದಕ್ಕೆ ಕಾದು ದ್ವೀಪ ಸೇರುವುದು ಅನುಮಾನವಾಗಿತ್ತು. ಟಿಕೆಟ್ಟು ಕೊಡುವವನಿಗೆ ಹಡಗಿನ ಚೀಟಿಯನ್ನು ತೋರಿಸಿದೆವು. ಅವನು ಬಸ್ ನಿಲ್ದಾಣದ ಕಡೆಗೆ ಕೈ ಮಾಡಿ, “ತೋಪ್ಪುಂಪಡಿ, ಐಲೆಂಡ್” ಎಂದ. ಎರ್ನಾಕುಲಕ್ಕೆ ಹೋಗುವ ಬಸ್ಸು ತೋಪ್ಪುಂಪಡಿಯ ಸೇತುವೆಯಿಂದ ನಮ್ಮ ದ್ವೀಪದ ಮೇಲೆಯೇ ಹಾಯ್ದುಹೋಗುತ್ತದೆ! ಬೆಳಗಿನಿಂದ ಎರಡು ದೋಣಿ ಬದಲಿಸಿ ಸುತ್ತಿದ್ದ ನಮಗೆ ಈ ನೇರ ದಾರಿ ತಿಳಿದಿರಲಿಲ್ಲ.

ಬಸ್ಸಿನಲ್ಲಿ ಮಗ ಐನೂರರ ನೋಟು ಹಿಡಿದ. ನಿರ್ವಾಹಕನ ಬಳಿ ಚಿಲ್ಲರೆಯಿಲ್ಲ; ಅವನ ಮುಖ ಕೆಂಪಾಯಿತು. ತಾಯಿ ಸೆರಗಿನ ಗಂಟು ಬಿಚ್ಚಿ, ನಾಲ್ವರ ಹಣವನ್ನೂ ನಾಣ್ಯಗಳಲ್ಲಿ ಎಣಿಸಿಕೊಟ್ಟರು. “ಚಿಲ್ಲರೆಯಿಲ್ಲದೆ ಹತ್ತುವವರನ್ನು ನಿಮ್ಮಪ್ಪ ಬೈಯುತ್ತಿದ್ದರು” ಎಂದಷ್ಟೇ ಹೇಳಿದರು. ಮಗ ಏನೂ ಹೇಳಲಿಲ್ಲ. ನಿಂತೇ ಇದ್ದವನು ಸೇತುವೆ ದಾಟುವಾಗ ಅವರ ಪಕ್ಕದಲ್ಲಿ ಬಂದು ಕೂತ. ದ್ವೀಪದಲ್ಲಿ ಇಳಿದು, ಬಂದರಿನ ದ್ವಾರದವರೆಗೆ ಆಟೋ ಹಿಡಿದು, ಕಾವಲಿನವರಿಗೆ ಗುರುತಿನ ಚೀಟಿಗಳನ್ನು ತೋರಿಸಿ ಹಡಗು ಹತ್ತಿದಾಗ ನಾಲ್ಕು ಗಂಟೆ ಇಪ್ಪತ್ತು ನಿಮಿಷ.

ಇನ್ನು ಪತ್ರ ಬರೆದ ಸದ್ಭಕ್ತರಿಗೆ. ತಂದೆತಾಯಿಗಳು ಮೆಟ್ಟಿಲು ಹತ್ತಿಳಿಯಬಲ್ಲವರಾದರೆ ದೋಣಿಯಲ್ಲಿಯೇ ಹೋಗಿ. ಕಟ್ಟೆಗೂ ದೋಣಿಗೂ ನಡುವೆ ಒಂದು ಹೆಜ್ಜೆಯ ಅಂತರವಿರುತ್ತದೆ, ಅಲೆಗೆ ಅದು ಏರಿಳಿಯುತ್ತದೆ. ಮೊಣಕಾಲು ನೋವಿನವರನ್ನು ಛಲಕ್ಕಾಗಿ ಹತ್ತಿಸಬಾರದು, ಅವರಿಗೆ ಕಾರೇ ಸರಿ. ನಮ್ಮ ಪ್ರಯಾಣದ ಕಾಲದಲ್ಲಿ ಇಲ್ಲದಿದ್ದ ಒಂದು ಅನುಕೂಲ ಈಗ ಬಂದಿದೆ. 2023ರ ಏಪ್ರಿಲ್ 25ರಂದು ಆರಂಭವಾದ ಕೊಚ್ಚಿ ವಾಟರ್ ಮೆಟ್ರೋಗೆ 2025ರ ಅಕ್ಟೋಬರ್ ತಿಂಗಳಲ್ಲಿ ಮಟ್ಟಾಂಚೇರಿ ಹಾಗೂ ವಿಲ್ಲಿಂಗ್ಡನ್ ದ್ವೀಪದ ನಿಲ್ದಾಣಗಳು ಸೇರಿವೆ. ವಿದ್ಯುತ್ತಿನಿಂದ ಓಡುವ ಆ ದೋಣಿಗಳಿಗೆ ಕಟ್ಟೆಯ ಮಟ್ಟಕ್ಕೆ ತೇಲುವ ಹಲಗೆಗಳುಂಟು, ವೃದ್ಧರಿಗೆ ಹತ್ತುವುದು ಸುಲಭ. ದರ ಸ್ವಲ್ಪ ಹೆಚ್ಚು. ಮರಳುವ ಹೊತ್ತನ್ನು ಹಡಗಿನ ಗಡುವಿಗಿಂತ ಎರಡು ಗಂಟೆ ಮೊದಲಿಗೆ ಇಟ್ಟುಕೊಳ್ಳಿ. ಮಾತ್ರೆಗಳು ಹಡಗಿನಲ್ಲಿ ಬೇಡ, ಕೈಚೀಲದಲ್ಲಿರಲಿ. ಚಿತ್ರ ತೆಗೆಯುವವರನ್ನು ಹಿಂದೆ ಬಿಡಬೇಡಿ. ಹಡಗು ನಿಲ್ಲುವ ದಿನ ಶುಕ್ರವಾರವಲ್ಲದಿದ್ದರೆ ಅರಮನೆಯ ಭಿತ್ತಿಚಿತ್ರಗಳು ಹೇಗಿವೆಯೆಂದು ನಮಗೊಂದು ಕಾಗದ ಬರೆಯಿರಿ.