ದಂಪತಿಗಳ ಆಟದ ಕೈಬೇಡಿ: ‘ಬೆರಳು ಆಡಿದರೆ ಸಾಕು’ ಎಂಬ ಮಾತು ನಿಜವೇ?

ಇದು 18 ದಾಟಿದವರಿಗಾಗಿ ಬರೆದ ಲೇಖನ. ಫ್ಯಾಮಿಲಿ ಗ್ರೂಪಿಗೆ ಕಳಿಸುವ ಮುನ್ನ ಒಮ್ಮೆ ಯೋಚಿಸಿ. ಬೇಕಾದವರಿಗೆ ಮಾತ್ರ ಖಂಡಿತ ಕಳಿಸಿ.

ಗಂಡ ಹೆಂಡತಿ ಅಥವಾ ಇಬ್ಬರು ವಯಸ್ಕ ಸಂಗಾತಿಗಳು ಒಪ್ಪಿಕೊಂಡು, ಖಾಸಗಿ ಸಮಯದಲ್ಲಿ ಆಟಕ್ಕೆಂದು ಕೈ ಕಟ್ಟಿಕೊಳ್ಳಲು ಬಳಸುವ ಪಟ್ಟಿಗಳಿಗೆ ಆನ್‌ಲೈನ್ ಅಂಗಡಿಗಳಲ್ಲಿ ‘ಕಫ್’ ಎನ್ನುತ್ತಾರೆ. (ಕೆಮ್ಮಿದಾಗ ಬರುವ ಕಫ ಅಲ್ಲ.) ವಿಜಯಪುರದ ಗಾಂಧಿ ಚೌಕದಲ್ಲಿ ಅಂಗಡಿಯವರನ್ನು ಕೇಳಿ, ಮುಟ್ಟಿ ನೋಡಿ ಕೊಳ್ಳುವ ವಸ್ತು ಇದಲ್ಲ. ತಿಕೋಟಾ, ಬಬಲೇಶ್ವರದಂಥ ಊರಲ್ಲಿ ಪಾರ್ಸಲ್ ತರುವ ಹುಡುಗನಿಗೆ ಮನೆಮಂದಿಯೆಲ್ಲ ಗೊತ್ತಿರುತ್ತಾರೆ. ಹಾಗಾಗಿ ಜನ ಫೋಟೋ ನೋಡಿ ಆರ್ಡರ್ ಮಾಡುತ್ತಾರೆ, ಇಲ್ಲವೇ ಮನೆಯಲ್ಲಿದ್ದ ಓಢಣಿಯನ್ನೇ ಕೈಗೆ ಸುತ್ತಿಕೊಳ್ಳುತ್ತಾರೆ. ಅನುಮಾನ ಬಂದರೆ ಕೇಳುವುದಕ್ಕೆ ಯಾರೂ ಇಲ್ಲ. ಆ ಜಾಗವನ್ನು ಮೂರು ಮಾತುಗಳು ತುಂಬಿವೆ: ಬಟ್ಟೆಯಾದರೆ ಅಪಾಯವಿಲ್ಲ, ತುಪ್ಪಳದ ಬೇಡಿಯಾದರೆ ಮೆತ್ತಗಿರುತ್ತದೆ, ಬೆರಳು ಆಡುತ್ತಿದ್ದರೆ ಎಲ್ಲ ಸರಿ ಇದೆ.

ಮೂರೂ ತಪ್ಪು. ಮೂರನೆಯದು ಎಲ್ಲಕ್ಕಿಂತ ಅಪಾಯದ್ದು, ಅದರಿಂದಲೇ ಶುರು ಮಾಡುತ್ತೇವೆ.

‘ನರ’ ಎಂಬ ಪದದ ಗೊಂದಲ

ನಮ್ಮ ಆಡುಮಾತಿನಲ್ಲಿ ‘ನರ’ ಎಂದರೆ ಎರಡು ಬೇರೆ ವಸ್ತು. ಸಲೈನ್ ಹಚ್ಚುವಾಗ ‘ನರ ಸಿಗವಲ್ದು’ ಎಂದಾಗ ನಾವು ಹೇಳುತ್ತಿರುವುದು ರಕ್ತನಾಳದ ಬಗ್ಗೆ. ವೈದ್ಯರ ಭಾಷೆಯಲ್ಲಿ ನರ ಎಂದರೆ ಮಿದುಳಿಗೂ ಚರ್ಮ, ಸ್ನಾಯುಗಳಿಗೂ ನಡುವೆ ಸಂದೇಶ ಒಯ್ಯುವ ತಂತು. ಈ ಗೊಂದಲದಿಂದಾಗಿಯೇ, ಕೈ ಕಟ್ಟಿದಾಗ ‘ನರಕ್ಕೆ ಏನೂ ಆಗಿಲ್ಲ’ ಎಂದು ಹೇಳುವವರು ನಿಜಕ್ಕೂ ನೋಡುತ್ತಿರುವುದು ರಕ್ತ ಓಡುತ್ತಿದೆಯೇ, ಬೆರಳು ನೀಲಿಗಟ್ಟಿವೆಯೇ ಎಂಬುದನ್ನು ಮಾತ್ರ.

ರಕ್ತ ನಿಂತರೆ ಬೇಗ ತಿಳಿಯುತ್ತದೆ: ಬಣ್ಣ ಬದಲಾಗುತ್ತದೆ, ಕೈ ತಣ್ಣಗಾಗುತ್ತದೆ, ಜುಮ್ಮೆನ್ನುತ್ತದೆ, ಬಿಚ್ಚಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನರದ ಪೆಟ್ಟು ಹೀಗೆ ಎದ್ದು ಕಾಣುವುದಿಲ್ಲ. ಹೆಬ್ಬೆರಳಿನ ಕಡೆಯಿಂದ ಮಣಿಕಟ್ಟಿನ ಅಂಚಿನಲ್ಲಿ, ಚರ್ಮದ ತೀರಾ ಹತ್ತಿರ, ಎಲುಬಿನ ಮೇಲೆಯೇ ರೇಡಿಯಲ್ ನರದ ಒಂದು ಕವಲು ಹಾಯ್ದು ಹೋಗುತ್ತದೆ. ಅದರ ಮೇಲೆ ಮಾಂಸದ ಹೊದಿಕೆ ಇಲ್ಲ. ಬೇಡಿಯ ಅಂಚು ಒತ್ತುವುದು ನೇರವಾಗಿ ಅದರ ಮೇಲೆ. ಪೊಲೀಸ್ ಬೇಡಿ ಬಿಗಿಯಾಗಿ ತೊಟ್ಟವರಲ್ಲಿ ಈ ತೊಂದರೆ ಎಷ್ಟು ಕಂಡಿದೆಯೆಂದರೆ ವೈದ್ಯಕೀಯ ಬರಹಗಳಲ್ಲಿ ಅದಕ್ಕೆ ‘ಹ್ಯಾಂಡ್‌ಕಫ್ ನ್ಯೂರೋಪತಿ’ ಎಂಬ ಹೆಸರೇ ಇದೆ. ಬಿಗಿಯಾದ ಗಡಿಯಾರದ ಪಟ್ಟಿ, ಬಿಗಿಯಾದ ಕಡಗದಿಂದಲೂ ಇದೇ ಆಗುತ್ತದೆ. 1932ರಲ್ಲಿ ಇದನ್ನು ವಿವರಿಸಿದ ವೈದ್ಯ ರಾಬರ್ಟ್ ವಾರ್ಟೆನ್‌ಬರ್ಗ್ ಹೆಸರೂ ಈ ತೊಂದರೆಗೆ ಅಂಟಿಕೊಂಡಿದೆ.

ಮುಖ್ಯ ಮಾತು ಇಲ್ಲಿದೆ. ಆ ಕವಲು ಸ್ಪರ್ಶದ ಅರಿವನ್ನು ಮಾತ್ರ ಒಯ್ಯುತ್ತದೆ, ಯಾವ ಸ್ನಾಯುವನ್ನೂ ಆಡಿಸುವುದಿಲ್ಲ. ಅದಕ್ಕೆ ಪೆಟ್ಟಾದರೂ ಬೆರಳು ಆಡುತ್ತವೆ, ಮುಷ್ಟಿ ಬಿಗಿಯುತ್ತದೆ, ಬಣ್ಣವೂ ಸರಿಯಿರುತ್ತದೆ. ಹೆಬ್ಬೆರಳಿನ ಹಿಂಬದಿ ಮಾತ್ರ ಮರಗಟ್ಟಿರುತ್ತದೆ, ಇಲ್ಲವೇ ಉರಿಯುತ್ತದೆ. ‘ಬೆರಳು ಆಡ್ತಾವಲ್ಲ’ ಎಂದು ಸುಮ್ಮನಾದವರು ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ ಹೆಬ್ಬೆರಳು ಬೇರೆಯವರದ್ದೇನೋ ಎಂಬಂತಾಗಿ ಗಾಬರಿಯಾಗುತ್ತಾರೆ.

ಹಾಗಾಗಿ ಆಡಿಸಿ ನೋಡುವುದರ ಜೊತೆಗೆ ಮುಟ್ಟಿ ಕೇಳಬೇಕು. ಮೂರು ಜಾಗ ಸಾಕು: ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕೈಯ ಹಿಂಬದಿ, ತೋರುಬೆರಳಿನ ತುದಿ, ಕಿರುಬೆರಳಿನ ತುದಿ. ಮೂರು ಬೇರೆ ಬೇರೆ ನರಗಳ ಸೀಮೆಗಳಿವು. ಕಟ್ಟುವ ಮೊದಲು ಹೇಗಿತ್ತೋ ಹಾಗೇ ಇದೆಯೇ ಎಂದು ಕೆಲವು ನಿಮಿಷಕ್ಕೊಮ್ಮೆ ಕೇಳಿ. ಜುಮ್ ಎಂದರೂ, ಚುರುಕ್ ಎಂದರೂ ಬಿಚ್ಚಿ. ‘ಇನ್ನೊಂದು ಸ್ವಲ್ಪ ಹೊತ್ತು’ ಎನ್ನಬೇಡಿ. ಇಷ್ಟು ನಿಮಿಷದ ತನಕ ಸುರಕ್ಷಿತ ಎಂದು ಯಾರಾದರೂ ಲೆಕ್ಕ ಕೊಟ್ಟರೆ ನಂಬಬೇಡಿ. ಅದು ಬಿಗಿ, ಭಂಗಿ, ಆ ವ್ಯಕ್ತಿಯ ನರದ ಸ್ಥಿತಿ ಎಲ್ಲವನ್ನೂ ಅವಲಂಬಿಸಿದೆ. ಸಕ್ಕರೆ ಕಾಯಿಲೆ ಇರುವವರ ನರ ಒತ್ತಡಕ್ಕೆ ಬೇಗ ಸೋಲುತ್ತದೆ.

ಕೊಳ್ಳುವಾಗ ಏನು ನೋಡಬೇಕು

ಅಗಲ. ಬಣ್ಣ, ಚರ್ಮ, ಹೊಳಪು ಎಲ್ಲ ಆಮೇಲೆ.

ತಿಕೋಟಾ ಸುತ್ತಿನ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಳೆ ಬಳ್ಳಿಯನ್ನು ಆಸರೆಗೆ ತೆಳ್ಳನೆಯ ದಾರದಿಂದ ಬಿಗಿದು ಮರೆತರೆ, ಕಾಂಡ ದಪ್ಪವಾದಂತೆ ದಾರ ತೊಗಟೆಯೊಳಗೆ ಇಳಿಯುತ್ತದೆ. ಅದೇ ಜಾಗದಲ್ಲಿ ಅಗಲ ಪಟ್ಟಿ ಇದ್ದರೆ ಒತ್ತಡ ಹರಡಿಕೊಳ್ಳುತ್ತದೆ. ಲೆಕ್ಕ ಸರಳ: ಒಂದೇ ಬಲದಿಂದ ಎಳೆದಾಗ 1 ಸೆಂಟಿಮೀಟರ್ ಅಗಲದ ಪಟ್ಟಿ ಹಾಕುವ ಒತ್ತಡ 5 ಸೆಂಟಿಮೀಟರ್ ಪಟ್ಟಿಯ ಸುಮಾರು ಐದು ಪಟ್ಟು. ಕಫ್‌ನ ಅಗಲ 5 ಸೆಂಟಿಮೀಟರ್, ಅಂದರೆ ಎರಡು ಇಂಚಿಗೆ ಕಡಿಮೆ ಇರದಿರಲಿ, ಒಳಗೆ ಮೆತ್ತನೆಯ ಹಾಸು ಇರಲಿ. ಫೋಟೋದಲ್ಲಿ ಅಗಲ ತಿಳಿಯುವುದಿಲ್ಲ. ಅಳತೆ ಬರೆಯದವರ ಹತ್ತಿರ ಕೊಳ್ಳಬೇಡಿ.

ಈಗ ತುಪ್ಪಳದ ಬೇಡಿಗೆ ಬನ್ನಿ. ಹೊರಗೆ ಗುಲಾಬಿ ಬಣ್ಣದ ಕೂದಲು, ಒಳಗೆ ಅದೇ ತೆಳ್ಳನೆಯ ಲೋಹದ ಬಳೆ. ತೂಕ ಬಿದ್ದಾಗ ಕೂದಲು ಚಪ್ಪಟೆಯಾಗಿ ಲೋಹವೇ ಒತ್ತುತ್ತದೆ. ಇದರ ಹಲ್ಲುಗಾಲಿ ಒಂದೇ ದಿಕ್ಕಿಗೆ ಸರಿಯುತ್ತದೆ, ಕೈ ಕೊಸರಿದಷ್ಟೂ ಬಿಗಿಯಾಗಬಹುದು. ಅದನ್ನು ತಡೆಯಲು ಪೊಲೀಸ್ ಬೇಡಿಗಳಲ್ಲಿ ಎರಡನೆಯ ಬೀಗ ಇರುತ್ತದೆ, ಆಟಿಕೆಯ ಅಗ್ಗದ ಬೇಡಿಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ಇನ್ನು ಕೀಲಿ! ಅದು ಮಂಚದ ಕೆಳಗೆ ಉರುಳಿ ಹೋಗುವುದು ಯಾವಾಗ ಎಂದು ನಾವು ಹೇಳಬೇಕೇ? ಅಂಟುಪಟ್ಟಿಯ ಅಂದರೆ ವೆಲ್ಕ್ರೋ ಕಫ್ ಮೊದಲ ಸಲಕ್ಕೆ ಒಳ್ಳೆಯದು. ಬೆಲ್ಟಿನಂಥ ಬಕಲ್ ಇರುವುದೂ ಆಗಬಹುದು. ಒಂದೇ ಕೈಯಲ್ಲಿ, ಕತ್ತಲಲ್ಲಿ, ಕೆಲವೇ ಸೆಕೆಂಡಿನಲ್ಲಿ ಬಿಚ್ಚಲು ಬರುತ್ತದೆಯೇ ಎಂದು ಮೊದಲೇ ಮಾಡಿ ನೋಡಿ.

ಓಢಣಿ, ಸೀರೆಯ ಸೆರಗು, ಟೈ ಮೆತ್ತಗಿವೆ ನಿಜ. ಆದರೆ ಎಳೆದಾಗ ಹೊಸೆದುಕೊಂಡು ಹಗ್ಗವಾಗುತ್ತವೆ, ಗಂಟು ಕಚ್ಚಿಕೊಳ್ಳುತ್ತದೆ. ರೇಷ್ಮೆಯದು ಇನ್ನೂ ಕಷ್ಟ. ಎಳೆದಷ್ಟೂ ಬಿಗಿಯಾಗುವ ಸರಗುಣಿಕೆಯನ್ನು ದನಕ್ಕೂ ಕೊರಳಿಗೆ ಹಾಕುವುದಿಲ್ಲ, ಮನುಷ್ಯನ ಕೈಗಂತೂ ಬೇಡ. ವೈರು ಕಟ್ಟುವ ಪ್ಲಾಸ್ಟಿಕ್ ಟೈ ಬಗ್ಗೆ ಯೋಚಿಸಲೂ ಬೇಡಿ. ಏನು ಬಳಸಿದರೂ ಮೊಂಡು ತುದಿಯ ಕತ್ತರಿ, ಅಂದರೆ ಡ್ರೆಸ್ಸಿಂಗ್ ರೂಮಿನಲ್ಲಿ ಬ್ಯಾಂಡೇಜ್ ಕತ್ತರಿಸುವಂಥದ್ದು, ಕೈಗೆಟುಕುವಂತಿರಲಿ. ಮೆಡಿಕಲ್ ಶಾಪಿನಲ್ಲಿ ಅದನ್ನು ನಾಚಿಕೆಯಿಲ್ಲದೆ ಕೇಳಬಹುದು.

ತೊಟ್ಟ ಮೇಲೆ ಕಫ್ ಒಳಗೆ ಎರಡು ಬೆರಳು ಆಡಬೇಕು. ಮೈ ಭಾರ ಅದರ ಮೇಲೆ ಬೀಳಬಾರದು, ಜೋತಾಡುವುದು ಬೇಡವೇ ಬೇಡ. ಕೈಯನ್ನು ಬಹಳ ಹೊತ್ತು ತಲೆಯ ಮೇಲೆ ಎತ್ತಿ ಕಟ್ಟಿದರೆ ಭುಜದ ನರಗಳಿಗೆ ಎಳೆತ. ಹಿಂದಕ್ಕೆ ಕಟ್ಟಿ ಬೋರಲು ಮಲಗಿಸಿದರೆ ಉಸಿರಾಟಕ್ಕೆ ಅಪಾಯ. ಕುತ್ತಿಗೆಗೆ ಏನನ್ನೂ ಕಟ್ಟಬಾರದು, ಇದಕ್ಕೆ ವಿನಾಯಿತಿಯೇ ಇಲ್ಲ. ಕಟ್ಟಿದವರನ್ನು ಒಂಟಿಯಾಗಿ ಬಿಟ್ಟು ಹೋಗಬಾರದು, ಬಾಗಿಲು ಬಡಿದರೂ ಮೊದಲು ಬಿಚ್ಚಿ ಆಮೇಲೆ ಹೋಗಿ. ಕುಡಿದಾಗ ಬೇಡ, ಏಕೆಂದರೆ ನೋವು ತಿಳಿಯುವುದೇ ತಡವಾಗುತ್ತದೆ.

‘ಇದು ವಿಕೃತಿ, ವಿದೇಶಿ ಹುಚ್ಚು’ ಎಂಬ ಮಾತು

ಒಪ್ಪಿಗೆಯ ಮೇಲೆ ನಡೆಯುವ ಇಂಥ ಆಟವನ್ನು ವಿಶ್ವ ಆರೋಗ್ಯ ಸಂಸ್ಥೆ ಈಗ ಕಾಯಿಲೆ ಎನ್ನುವುದಿಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ಅದರ ರೋಗಪಟ್ಟಿ ಐಸಿಡಿ-11ರಲ್ಲಿ ಅದನ್ನು ಕೈಬಿಡಲಾಗಿದೆ. ವಿದೇಶಿ ಎಂಬುದೂ ಅರ್ಧ ಸತ್ಯ. ವಾತ್ಸ್ಯಾಯನನ ಕಾಮಸೂತ್ರ ಪ್ರಣಯದ ಹೊತ್ತಿನ ಪೆಟ್ಟುಗಳನ್ನು ವಿವರಿಸುತ್ತದೆ, ಜೊತೆಗೆ ಅವುಗಳಿಂದಾದ ಅನಾಹುತಗಳನ್ನೂ ಹೇಳುತ್ತದೆ. ಅದರ ಪ್ರಕಾರ ಕುಂತಲದ ಶಾತಕರ್ಣಿ ಶಾತವಾಹನ ದೊರೆ ‘ಕರ್ತರಿ’ ಎಂಬ ಪೆಟ್ಟಿನಿಂದ ತನ್ನ ಮಹಾರಾಣಿ ಮಲಯವತಿಯ ಸಾವಿಗೆ ಕಾರಣನಾದ. ಕುಂತಲ ಎಂದರೆ ನಮ್ಮ ಉತ್ತರ ಕರ್ನಾಟಕವನ್ನೂ ಒಳಗೊಂಡ ಸೀಮೆ. ಅಂದರೆ ‘ಹುಷಾರು’ ಎನ್ನುವ ಮಾತೂ ಆಟದಷ್ಟೇ ಹಳೆಯದು.

ವಿಕೃತಿ ಅಲ್ಲ ಎಂದ ಮಾತ್ರಕ್ಕೆ ಎಲ್ಲರೂ ಮಾಡಬೇಕೆಂದಿಲ್ಲ. ‘ಗಂಡನಿಗೆ ಇಷ್ಟ ಅಂದ್ರ ಹೆಂಡತಿ ಬ್ಯಾಡ ಅನಬಾರದು’ ಎಂಬುದು ಒಪ್ಪಿಗೆ ಅಲ್ಲ, ಒತ್ತಾಯ. ಒಪ್ಪಿಗೆಯನ್ನು ಕಟ್ಟುವ ಮೊದಲು ಕೇಳಬೇಕು, ನಡುವೆ ವಾಪಸ್ ಪಡೆಯುವ ಹಕ್ಕು ಇರಬೇಕು. ಅದಕ್ಕೊಂದು ಪದ ಇಟ್ಟುಕೊಳ್ಳಿ. ‘ಬೇಡ, ಬಿಡು’ ಎಂಬುದು ಕೆಲವರಿಗೆ ಆಟದ ಮಾತೂ ಆಗುವುದರಿಂದ, ಆ ಹೊತ್ತಿಗೆ ಸಂಬಂಧವೇ ಇಲ್ಲದ ‘ಗೋಳಗುಮ್ಮಟ’ದಂಥ ಪದ ಒಳ್ಳೆಯದು. ಕೇಳಿದ ಕೂಡಲೇ ಬಿಚ್ಚಬೇಕು. ಮನಸ್ಸಿಲ್ಲದವರ ಕೈ ಕಟ್ಟಿದರೆ ಅದು ಆಟವಲ್ಲ, ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಂ ಅಕ್ರಮ ಬಂಧನಕ್ಕೆ ಶಿಕ್ಷೆ ಹೇಳುತ್ತದೆ. ಹೆಂಡತಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಇದೆ. ಅಂಥ ಸ್ಥಿತಿಯಲ್ಲಿರುವ ಮಹಿಳೆಯರು 181ಕ್ಕೆ, ತುರ್ತು ಇದ್ದರೆ 112ಕ್ಕೆ ಕರೆ ಮಾಡಬಹುದು.

ಕೈ ಮರಗಟ್ಟಿದರೆ

ಸಣ್ಣ ಪೆಟ್ಟಾದರೆ ಅರಿವು ಕೆಲವು ದಿನ ಅಥವಾ ವಾರಗಳಲ್ಲಿ ತಾನೇ ಮರಳುತ್ತದೆ. ತಂತುವೇ ತುಂಡಾಗಿದ್ದರೆ ಅದು ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. ಬಿಸಿ ಶಾಖ ಕೊಡಬೇಡಿ, ಮರಗಟ್ಟಿದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಎಣ್ಣೆ ಹಚ್ಚಿ ಜೋರಾಗಿ ತಿಕ್ಕುವುದೂ ಬೇಡ. ಮರುದಿನವೂ ಜೋಮು ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಕೈ ಎತ್ತಲು ಆಗದಿದ್ದರೆ, ಬೆರಳು ಬಿಳಿಚಿಕೊಂಡು ತಣ್ಣಗೇ ಉಳಿದರೆ ಅಂದೇ ಹೊರಡಿ.

ಇಲ್ಲಿ ಜನ ತಡಮಾಡುವುದು ನಾಚಿಕೆಯಿಂದ. ಊರಿನ ದವಾಖಾನೆಯಲ್ಲಿ ಗುರುತಿನವರು ಸಿಗುತ್ತಾರೆಂಬ ಅಳುಕಿದ್ದರೆ, ತಿಕೋಟಾ, ಬಬಲೇಶ್ವರ ಎರಡರಿಂದಲೂ ವಿಜಯಪುರ ದೂರವೇನಲ್ಲ. ಅಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಬಿಎಲ್‌ಡಿಇ ಮತ್ತು ಅಲ್ ಅಮೀನ್ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಪೂರ್ತಿ ಕಥೆ ಹೇಳಬೇಕಿಲ್ಲ. ‘ಇಲ್ಲಿ ಬಿಗಿಯಾಗಿ ಪಟ್ಟಿ ಕಟ್ಟಿದ್ದೆ, ಸುಮಾರು ಇಷ್ಟು ಹೊತ್ತು ಇತ್ತು, ಈಗ ಈ ಜಾಗ ಗೊತ್ತಾಗುತ್ತಿಲ್ಲ’ ಎಂದು ಬೆರಳಿಟ್ಟು ತೋರಿಸಿದರೆ, ಯಾವ ನರ ಎಂದು ಅವರಿಗೆ ತಿಳಿಯುತ್ತದೆ.