ದೀಪಕ್ಕಿಂತ ಮೊದಲು ತಾಯಿಮರ



ಈಚೆಗೆ ನಮ್ಮ ಸಂಘದ ಕಟ್ಟೆಯ ಮೇಲೆ ಒಂದು ಹೊಸ ಮಾತು ಕೇಳಿಬರುತ್ತಿದೆ. ಅಡಿಕೆ, ಕಾಫಿ ಸಸಿಗಳನ್ನು ಕೊಟ್ಟಿಗೆಯಲ್ಲೋ ಖಾಲಿ ಗೋದಾಮಿನಲ್ಲೋ ಎಲ್‌ಇಡಿ ದೀಪದ ಕೆಳಗೆ ಬೆಳೆಸಬಹುದು. ಮಳೆಯ ಕಾಟವಿಲ್ಲ, ಬಿಸಿಲಿನ ಭಯವಿಲ್ಲ, ಸಸಿ ಬೇಗ ಎತ್ತರವಾಗುತ್ತದೆ ಎಂಬುದು ಆ ಮಾತು. ದೀಪ ಮಾರುವವರು ಬಂದು ಮೊಬೈಲಿನಲ್ಲಿ ಬಣ್ಣದ ಚಿತ್ರಗಳನ್ನು ತೋರಿಸಿ ಹೋಗಿದ್ದಾರೆ. ಇದಕ್ಕೆ ಸಂಘದಿಂದ ಸಾಲ ಸಿಗಬಹುದೇ ಎಂದು ಕೆಲವರು ವಿಚಾರಿಸಿಯೂ ಇದ್ದಾರೆ. ಹೊಸದನ್ನು ಕಂಡ ಕೂಡಲೇ ಬೇಡವೆನ್ನುವ ಜಾಯಮಾನ ನಮ್ಮದಲ್ಲ. ಆದರೆ ಒಂದೆರಡು ಎಕರೆಯ ಬೆಳೆಗಾರ ಸಾಲ ಮಾಡಿ ಈ ದೀಪ ಕೊಳ್ಳುವುದು ಸರಿಯಲ್ಲವೆಂಬುದು ನಮ್ಮ ಖಚಿತ ಅಭಿಪ್ರಾಯ. ಸಸಿಯ ಯೋಗ್ಯತೆ ಬಹುಮಟ್ಟಿಗೆ ನಿರ್ಧಾರವಾಗುವುದು ದೀಪದ ಕೆಳಗಲ್ಲ, ತಾಯಿಮರದ ಮೇಲೆ. ಅಲ್ಲಿ ಖರ್ಚು ಕಡಿಮೆ. ಬೇಕಾದ್ದು ಕಣ್ಣು ಮತ್ತು ತಾಳ್ಮೆ.

ತಪ್ಪಿನ ಬೆಲೆ

ಭತ್ತದ ಬೀಜ ಕೈಕೊಟ್ಟರೆ ಒಂದು ಬೆಳೆ ಹೋಯಿತು, ಮುಂದಿನ ವರ್ಷ ಬೇರೆ ಬೀಜ ತರಬಹುದು. ಅಡಿಕೆಯಲ್ಲಿ ಹಾಗಿಲ್ಲ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಗಿಡ ಬೇಕು. ಅವುಗಳಿಗೆ ಗುಂಡಿ ತೆಗೆದು, ಗೊಬ್ಬರ ಹಾಕಿ, ಬೇಸಿಗೆಯಲ್ಲಿ ನೀರುಣಿಸಿ, ಬಾಳೆಯ ನೆರಳಿನಲ್ಲಿ ಕಾಪಾಡಿ, ಮೊದಲ ಸಿಂಗಾರ ಕಾಣುವ ಹೊತ್ತಿಗೆ ನಾಲ್ಕೈದು ವರ್ಷ ಸಂದಿರುತ್ತದೆ. ಬೆಳೆ ಒಂದು ಹದಕ್ಕೆ ಬಂದು, ಇದು ಒಳ್ಳೆಯ ಮರವೋ ಬರಡು ಮರವೋ ಎಂದು ತಿಳಿಯಲು ಇನ್ನೂ ಕೆಲವು ವರ್ಷ ಹಿಡಿಯುತ್ತದೆ. ಆಗ ಕಡಿಯಲು ಮನಸ್ಸು ಬರುವುದಿಲ್ಲ, ಉಳಿಸಿಕೊಂಡರೆ ಗೊಬ್ಬರದ ಖರ್ಚೂ ಗಿಟ್ಟುವುದಿಲ್ಲ. ಚೀಲಕ್ಕೆ ಹತ್ತು ರೂಪಾಯಿ ಉಳಿಸಲು ಹೋಗಿ ಮಕ್ಕಳ ಕಾಲದವರೆಗೂ ನಷ್ಟ ಹೊರುವ ವ್ಯವಹಾರವಿದು. ಇಂಥ ತೋಟಗಳು ನಮ್ಮ ಸದಸ್ಯರಲ್ಲೇ ಇವೆ. ಸಸಿ ತರುವಾಗ ನಾವು ಎತ್ತರ ನೋಡಿದೆವು, ಎಲೆಯ ಹಸಿರು ನೋಡಿದೆವು. ಗೋಟು ಯಾವ ಮರದ್ದೆಂದು ಕೇಳಲಿಲ್ಲ.

ತಾಯಿಯಂತೆ ಮಗಳು

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ನಮ್ಮ ಹಿರಿಯರು ಹೇಳಿದ್ದು ಅಡಿಕೆಗೂ ಸಲ್ಲುತ್ತದೆ. ತಾಯಿಮರ ಬೇಗ ಫಲಕ್ಕೆ ಬಂದುದಾಗಿರಬೇಕು, ಬೆಳೆ ಸ್ಥಿರಗೊಂಡ ನಡುವಯಸ್ಸಿನದಾಗಿರಬೇಕು. ಒಂದು ವರ್ಷ ಹೊರೆಗಟ್ಟಲೆ ಬಿಟ್ಟು ಮರುವರ್ಷ ಬರಿದಾಗುವ ಮರ ಬೇಡ. ತಲೆಯಲ್ಲಿ ಸೋಗೆಗಳು ಹೆಚ್ಚಿರಬೇಕು, ಕಾಂಡದ ಗೆಣ್ಣುಗಳ ಅಂತರ ಕಿರಿದಾಗಿರಬೇಕು, ಸಿಂಗಾರದಲ್ಲಿ ಬಿಟ್ಟ ಹೆಣ್ಣು ಹೂಗಳು ಉದುರದೆ ಹೆಚ್ಚಿನವು ಕಾಯಿಕಟ್ಟಬೇಕು. ಇದನ್ನೆಲ್ಲ ಒಂದು ದಿನದಲ್ಲಿ ನೋಡಿ ತೀರ್ಮಾನಿಸಲು ಬಾರದು. ಮೂರು ನಾಲ್ಕು ವರ್ಷವಾದರೂ ಮರವನ್ನು ಗುರುತಿಟ್ಟು, ಕೊನೆ ಎಷ್ಟು, ತೂಕ ಎಷ್ಟು ಎಂದು ಬರೆದಿಡಬೇಕು. ನಮ್ಮ ಕೊನೆಗಾರರನ್ನೂ ಕೇಳಬೇಕು. ವರ್ಷವರ್ಷವೂ ಮರ ಹತ್ತುವ ಅವರಿಗೆ ಯಾವ ಮರ ಹೇಗೆಂಬುದು ಯಜಮಾನರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ನಾವು ಅವರನ್ನು ಕೇಳುವ ಪದ್ಧತಿ ಇಟ್ಟುಕೊಂಡಿಲ್ಲ, ಅಷ್ಟೆ.

ಇಲ್ಲಿ ಒಂದು ತೊಡಕಿದೆ. ಅಡಿಕೆಯ ಸಿಂಗಾರದಲ್ಲಿ ಗಂಡು ಹೂಗಳು ಮೊದಲು ಅರಳಿ ಕೆಲವು ವಾರಗಳ ಬಳಿಕ ಮುಗಿಯುತ್ತವೆ, ಆಮೇಲೆ ಹೆಣ್ಣು ಹೂಗಳು ಹದಕ್ಕೆ ಬರುತ್ತವೆ. ಆದ್ದರಿಂದ ಒಂದು ಮರದ ಕಾಯಿಗೆ ಪರಾಗ ಬರುವುದು ಸಾಮಾನ್ಯವಾಗಿ ಬೇರೆ ಮರದಿಂದ. ತಾಯಿ ಯಾರೆಂದು ನಮಗೆ ಗೊತ್ತು, ತಂದೆ ಯಾರೆಂದು ಗೊತ್ತಿಲ್ಲ. ಸುತ್ತ ಬಡಕಲು ಮರಗಳಿದ್ದು ನಡುವೆ ಒಂದೇ ಒಳ್ಳೆಯ ಮರವಿದ್ದರೆ ಅದರ ಗೋಟಿನ ಮೇಲೆ ಪೂರ್ತಿ ಭರವಸೆ ಇಡುವಂತಿಲ್ಲ. ಸುತ್ತಲಿನ ಹತ್ತಿಪ್ಪತ್ತು ಮರಗಳೂ ಚೆನ್ನಾಗಿರುವ ಕಡೆ ತಾಯಿಮರ ಆರಿಸುವುದು ಲೇಸು.

ವಿಟ್ಲದ ಸಂಶೋಧನಾ ಕೇಂದ್ರದಿಂದ ಬಂದ ಗಿಡ್ಡ ಮಿಶ್ರತಳಿಗಳನ್ನು ನೆಟ್ಟವರು ಇನ್ನೊಂದು ವಿಷಯ ನೆನಪಿಡಬೇಕು. ಹಿರೇಹಳ್ಳಿ ಗಿಡ್ಡ ತಳಿಯನ್ನು ಸುಮಂಗಳ ಅಥವಾ ಮೋಹಿತ್‌ನಗರದೊಂದಿಗೆ ಕೂಡಿಸಿ ಮಾಡಿದ ಸಸಿಗಳವು. ಆ ಮರದ ಗೋಟು ಹಾಕಿದರೆ ಬರುವ ಸಸಿಗಳು ಒಂದೊಂದು ಒಂದೊಂದು ಥರ. ಮನೆಗೆ ಬೇಕಾದರೆ ಹಾಕಿ ನೋಡಿ, ಆದರೆ ಗಿಡ್ಡ ತಳಿ ಎಂದು ನೆರೆಯವರಿಗೆ ಮಾರಬೇಡಿ.

ಹಳದಿ ಎಲೆ ರೋಗವಿರುವ ತೋಟದಿಂದ ಗೋಟು ತರಬಾರದು. ಆದರೆ ಅಂಥ ತೋಟದಲ್ಲಿ ಸುತ್ತಲಿನವು ಹಳದಿಯಾಗಿದ್ದೂ ವರ್ಷಗಟ್ಟಲೆ ಹಸಿರಾಗಿ ನಿಂತ ಮರವೊಂದು ಕಂಡರೆ ಅದನ್ನು ಕಡಿಯಬೇಡಿ. ಸಂಶೋಧಕರು ಹುಡುಕುವುದು ಇಂಥ ಮರಗಳನ್ನೇ. ಅವರಿಗೆ ತಿಳಿಸಿ, ಉಳಿದ ಕೆಲಸ ಅವರದು.

ಗೋಟಿನಿಂದ ಸಸಿಯವರೆಗೆ

ಪೂರ್ತಿ ಹಣ್ಣಾದ, ತೂಕದ ಗೋಟನ್ನೇ ಆರಿಸಬೇಕು. ಎತ್ತರದ ತಳಿಗಳಲ್ಲಿ 35 ಗ್ರಾಂಗಿಂತ ಹೆಚ್ಚು ತೂಗುವಂಥವು ಉತ್ತಮ. ನೀರಿನಲ್ಲಿ ಹಾಕಿದಾಗ ತೊಟ್ಟಿನ ಭಾಗ ಮೇಲಾಗಿ ನೆಟ್ಟಗೆ ತೇಲುವ ಗೋಟು ಒಳ್ಳೆಯ ಸಸಿ ಕೊಡುತ್ತದೆ, ಅಡ್ಡ ಮಲಗುವುದನ್ನು ಬಿಡಬೇಕು. ಕೊಯ್ದ ಗೋಟನ್ನು ಒಣಗಿಸಿ ಇಡದೆ, ಕೂಡಲೇ ಮರಳಿನ ಮಡಿಯಲ್ಲಿ ಎರಡು ಅಂಗುಲ ಅಂತರಕ್ಕೆ ತೊಟ್ಟು ಮೇಲಾಗಿ ಇಟ್ಟು ಮರಳು ಮುಚ್ಚಿ ದಿನವೂ ನೀರು ಕೊಟ್ಟರೆ ಸುಮಾರು ಒಂದೂವರೆ ತಿಂಗಳಿಗೆ ಮೊಳಕೆ ಕಾಣುತ್ತದೆ. ಮೂರು ತಿಂಗಳಿಗೆ ಎರಡು ಮೂರು ಎಲೆಯ ಸಸಿಯನ್ನು ಚೀಲಕ್ಕೆ ಹಾಕಬಹುದು.

ತೋಟಕ್ಕೆ ಇಡುವ ಮುನ್ನ ಮತ್ತೊಂದು ಆಯ್ಕೆಯುಂಟು. ವರ್ಷದಿಂದ ಒಂದೂವರೆ ವರ್ಷದ ಸಸಿಗಳಲ್ಲಿ ಐದಾದರೂ ಎಲೆ ಇದ್ದು, ಬುಡ ದಪ್ಪವಿದ್ದವನ್ನು ಆರಿಸಬೇಕು. ಇದಕ್ಕೆ ವಿಜ್ಞಾನಿಗಳು ಒಂದು ಸುಲಭ ಲೆಕ್ಕ ಕೊಟ್ಟಿದ್ದಾರೆ. ಎಲೆಗಳ ಸಂಖ್ಯೆಯನ್ನು 40ರಿಂದ ಗುಣಿಸಿ, ಅದರಿಂದ ಸಸಿಯ ಎತ್ತರವನ್ನು ಸೆಂಟಿಮೀಟರಿನಲ್ಲಿ ಕಳೆಯಬೇಕು. ಉಳಿದ ಅಂಕಿ ದೊಡ್ಡದಾದಷ್ಟೂ ಸಸಿ ಉತ್ತಮ. ಆರು ಎಲೆಯ, 90 ಸೆಂಟಿಮೀಟರ್ ಎತ್ತರದ ಸಸಿಗೆ 240ರಲ್ಲಿ 90 ಕಳೆದು 150 ಅಂಕ. ಐದು ಎಲೆಯ, 130 ಸೆಂಟಿಮೀಟರ್ ಎತ್ತರದ ಸಸಿಗೆ 200ರಲ್ಲಿ 130 ಕಳೆದು 70 ಅಂಕ ಮಾತ್ರ. ಸಂತೆಯಲ್ಲಿ ನಮ್ಮ ಕೈ ಮೊದಲು ಹೋಗುವುದು ಈ ಎರಡನೆಯದಕ್ಕೆ! ಎತ್ತರವೇ ಶಕ್ತಿಯೆಂಬ ನಮ್ಮ ಭ್ರಮೆ ಇಲ್ಲಿ ಬಯಲಾಗುತ್ತದೆ.

ಕಾಫಿಯಲ್ಲಿ ಆಯ್ಕೆ

ಕಾಫಿ ಬೆಳೆಗಾರರಿಗೆ ಒಂದು ಹಳೆಯ ಉದಾಹರಣೆ ಸಾಕು. 1911ರಲ್ಲಿ ಮೈಸೂರು ಸೀಮೆಯಲ್ಲಿ ಕೆಂಟ್ ಎಂಬ ಪ್ಲಾಂಟರ್ ಎಲೆ ತುಕ್ಕು ರೋಗವನ್ನು ತಾಳಿಕೊಂಡ ಅರೇಬಿಕಾ ಗಿಡವನ್ನು ಗುರುತಿಸಿ ಅದರ ಬೀಜ ಬೆಳೆಸಿದರು. ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಆರಂಭವಾದುದು 1925ರಲ್ಲಿ. ಅಂದರೆ ಕೇಂದ್ರ ಹುಟ್ಟುವ ಮೊದಲೇ ಒಬ್ಬ ಬೆಳೆಗಾರನ ಕಣ್ಣು ಕೆಲಸ ಮಾಡಿತ್ತು. ಮುಂದೆ ತುಕ್ಕು ರೋಗದ ಹೊಸ ಪ್ರಭೇದ ಬಂದು ಕೆಂಟ್ ಗಿಡಗಳೂ ಸೋತವು, ನಿಜ. ಆದರೂ ಆ ಆಯ್ಕೆ ವ್ಯರ್ಥವಾಗಲಿಲ್ಲ. ನಮ್ಮ ತೋಟಗಳಲ್ಲಿ ಇಂದಿಗೂ ಇರುವ ಎಸ್. 795 ತಳಿಯ ಒಂದು ಕಡೆಯ ಹೆತ್ತವರು ಕೆಂಟ್ ಗಿಡಗಳೇ. ಒಳ್ಳೆಯ ಗಿಡವನ್ನು ಆರಿಸಿದರೆ ಅದು ಮುಂದಿನ ತಳಿಗೂ ಆಸ್ತಿ. ಹಾಗೆಂದು ಒಂದೇ ಗಿಡವನ್ನು ನಂಬಿ ಕೂರಲೂ ಬಾರದು. ಎರಡು ಪಾಠವೂ ಇದರಲ್ಲಿದೆ.

ಅರೇಬಿಕಾದ ಹೂವು ಬಹುಪಾಲು ತನ್ನ ಪರಾಗದಿಂದಲೇ ಕಾಯಿಕಟ್ಟುವುದರಿಂದ ಒಳ್ಳೆಯ ಗಿಡದ ಬೀಜ ಹೆಚ್ಚುಕಡಿಮೆ ತಾಯಿಯನ್ನೇ ಹೋಲುತ್ತದೆ. ರೊಬಸ್ಟಾಕ್ಕೆ ಪರಪರಾಗ ಬೇಕೇ ಬೇಕು. ಹಾಗಾಗಿ ಹೆಚ್ಚು ಫಸಲಿನ ರೊಬಸ್ಟಾ ಗಿಡದ ಗುಣ ಉಳಿಯಬೇಕಾದರೆ ಅದರ ನೆಟ್ಟಗಿನ ಚಿಗುರಿನಿಂದ ತುಂಡು ನೆಟ್ಟು ಸಸಿ ಮಾಡಬೇಕು. ಆಗಲೂ ಒಂದೇ ಗಿಡದ ತುಂಡುಗಳನ್ನೇ ತೋಟಪೂರ್ತಿ ನೆಟ್ಟರೆ ಹೂ ಬಂದೀತು, ಕಾಯಿ ಬಾರದು. ಹಲವು ಗಿಡಗಳ ತುಂಡುಗಳನ್ನು ಬೆರೆಸಿ ನೆಡಬೇಕು. ಬೀಜಕ್ಕೆ ಹಣ್ಣು ಕೊಯ್ದಾಗ ತೇಲುವ ಹಣ್ಣು, ಒಂಟಿ ಬೀಜ, ಆನೆ ಬೀಜಗಳನ್ನು ತೆಗೆದುಹಾಕಿ, ಸಿಪ್ಪೆ ಬಿಡಿಸಿ, ಜರಡಿ ಹಿಡಿದ ಬೂದಿಯಲ್ಲಿ ಹೊರಳಿಸಿ ನೆರಳಿನಲ್ಲಿ ಆರಿಸುವುದು ನಮಗೆಲ್ಲ ತಿಳಿದದ್ದೇ.

ಇನ್ನು ದೀಪದ ಲೆಕ್ಕ

ಈಗ ದೀಪಕ್ಕೆ ಬರೋಣ. ಗಿಡಕ್ಕೆ ಬೇಕಾದ ಬೆಳಕನ್ನು ಕಣಗಳ ಲೆಕ್ಕದಲ್ಲಿ, ಮೈಕ್ರೋಮೋಲ್ ಎಂಬ ಮಾನದಿಂದ ಅಳೆಯುತ್ತಾರೆ. ತಿಳಿ ಆಕಾಶದ ನಡುಹಗಲಿನಲ್ಲಿ ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಸುಮಾರು 2000 ಮೈಕ್ರೋಮೋಲ್ ಬೆಳಕು ಬೀಳುತ್ತದೆ. ಒಳ್ಳೆಯ ದರ್ಜೆಯ 100 ವ್ಯಾಟಿನ ಎಲ್‌ಇಡಿ ದೀಪ ಹೊರಸೂಸುವುದು 250ರ ಆಸುಪಾಸು. ಅಂದರೆ ನೂರಕ್ಕೆ 75 ಪಾಲು ಬಿಸಿಲು ತಡೆಯುವ ನೆರಳು ಬಲೆಯ ಕೆಳಗೆ ನಡುಹಗಲಿನಲ್ಲಿ ಬಿಟ್ಟಿಯಾಗಿ ಬೀಳುವ ಬೆಳಕು, ಚದರ ಮೀಟರಿಗೊಂದು ದೀಪ ಕಟ್ಟಿದರೂ ಸಿಗುವುದರ ಎರಡರಷ್ಟು.

ಕರೆಂಟಿನ ಲೆಕ್ಕವನ್ನೂ ನೋಡಿ. ಅಡಿಕೆ ಸಸಿಗಳನ್ನು ಅಡಿಗೊಂದರಂತೆ ಇಟ್ಟರೆ ಒಂದು ಚದರ ಮೀಟರಿಗೆ 11 ಸಸಿ. ಎಕರೆಗೆ ಬೇಕಾದ 540 ಸಸಿಗಳಿಗೆ ಸುಮಾರು 49 ಚದರ ಮೀಟರು, 49 ದೀಪ. ದಿನಕ್ಕೆ 12 ಗಂಟೆ ಉರಿಸಿದರೆ ದೀಪವೊಂದಕ್ಕೆ 1.2 ಯೂನಿಟ್, ಒಟ್ಟು ದಿನಕ್ಕೆ 59 ಯೂನಿಟ್ಟಿನ ಹತ್ತಿರ, ತಿಂಗಳಿಗೆ 1750ಕ್ಕೂ ಮೇಲೆ. ಸಸಿ ಚೀಲದಲ್ಲಿರುವುದು ಒಂದು ತಿಂಗಳಲ್ಲ, ಒಂದು ವರ್ಷ. ಇದರ ಮೇಲೆ ದೀಪಗಳ ಬೆಲೆ, ಸಾಲದ ಬಡ್ಡಿ. ಮಳೆಗಾಲದಲ್ಲಿ ಕರೆಂಟು ಎಷ್ಟು ದಿನ ಇರುತ್ತದೆಂಬುದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಮಿಗಿಲಾದ ಅಪಾಯ ಬೇರೆಯೇ ಇದೆ. ಬೆಳಕು ಸಾಲದ ಸಸಿ ಬೆಳಕನ್ನು ಹುಡುಕಿ ಉದ್ದವಾಗುತ್ತದೆ. ಬುಡ ಸಣ್ಣ, ಎಲೆ ಕಡಿಮೆ. ಬರಿಯ ಕೆಂಪು ಬೆಳಕಿನಲ್ಲೂ ಹಾಗೆಯೇ ಸೆಳೆಯುತ್ತದೆ. ದೀಪ ಮಾರುವವರು ಹೊಗಳುವ ಆ 'ಬೇಗ ಬಂದ ಎತ್ತರ' ಇದೇ ಆಗಿರಬಹುದು. ಮೇಲೆ ಹೇಳಿದ 40ರ ಲೆಕ್ಕಕ್ಕೆ ಇಂಥ ಸಸಿಯನ್ನು ಹಚ್ಚಿದರೆ ಅದು ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತದೆ. ಕೋಣೆಯಿಂದ ತಂದು ತೋಟದಲ್ಲಿಟ್ಟರೆ ಎಲೆ ಸುಟ್ಟು ಕೂರುತ್ತದೆ.

ಎಲ್‌ಇಡಿ ಬೆಳಕು ಎಲ್ಲಿಯೂ ಬೇಡವೆಂದು ನಾವು ಹೇಳುತ್ತಿಲ್ಲ. ಎಳೆಯ ಸಿಂಗಾರದಿಂದ ಅಡಿಕೆ ಸಸಿ ಮಾಡುವ ಅಂಗಾಂಶ ಕೃಷಿಯಂಥ ಕೆಲಸದಲ್ಲಿ, ಗಾಜಿನ ಸೀಸೆಯೊಳಗಿನ ಸಸಿಗೆ ಕೋಣೆಯ ದೀಪವೇ ಸೂರ್ಯ. ಗೋಧಿ, ಕಡಲೆಗಳಿಗೆ ದಿನಕ್ಕೆ 22 ಗಂಟೆ ಬೆಳಕು ಕೊಟ್ಟು ವರ್ಷಕ್ಕೆ ಆರು ಪೀಳಿಗೆಯವರೆಗೆ ಬೆಳೆದು ತಳಿ ಆರಿಸುವ ಕ್ರಮವನ್ನು ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ್ದಾರೆ. ಅದು ತಿಂಗಳುಗಳಲ್ಲಿ ಮುಗಿಯುವ ಬೆಳೆಯ ಮಾತು. ವರ್ಷಗಟ್ಟಲೆ ಕಾದು ನೋಡಬೇಕಾದ ಅಡಿಕೆ ಮರಕ್ಕೆ ಆ ಅವಸರ ಒಗ್ಗದು.

ಇಷ್ಟಾಗಿಯೂ ಪ್ರಯೋಗಕ್ಕೆಂದು ಒಂದೆರಡು ದೀಪ ಕೊಳ್ಳುವವರು ವ್ಯಾಟನ್ನೂ ಲುಮೆನ್ನನ್ನೂ ನೋಡಿ ಮೋಸಹೋಗಬಾರದು. ವ್ಯಾಟು ಕರೆಂಟಿನ ಅಳತೆ, ಲುಮೆನ್ ಮನುಷ್ಯನ ಕಣ್ಣಿನ ಅಳತೆ. ಒಂದು ಜೂಲ್ ಶಕ್ತಿಗೆ ಎಷ್ಟು ಮೈಕ್ರೋಮೋಲ್ ಬೆಳಕು ಎಂದು ಕೇಳಿ. ಎರಡೂವರೆಗಿಂತ ಕೆಳಗಿದ್ದರೆ ಬಿಟ್ಟುಬಿಡಿ. ನೇರಳೆ ಬಣ್ಣದ ದೀಪಕ್ಕಿಂತ ಬಿಳಿ ಬೆಳಕಿನದು ವಾಸಿ, ಅದರಡಿ ಎಲೆಯ ರೋಗ ಕಣ್ಣಿಗೆ ಕಾಣುತ್ತದೆ. ನೀರಿನ ತೇವ ತಡೆಯುವಂಥದ್ದಿರಲಿ, ಖಾತರಿ ಬರಹದಲ್ಲಿರಲಿ.

ಮಳೆಗಾಲದ ಕತ್ತಲಿಗೆ ಏನು ಮಾಡೋಣ ಎಂಬ ಪ್ರಶ್ನೆ ನ್ಯಾಯವಾದುದೇ. ದಟ್ಟ ಮೋಡದ ದಿನ ಬೆಳಕು ಹತ್ತನೇ ಒಂದು ಪಾಲಿಗೂ ಇಳಿಯುತ್ತದೆ. ಆ ತಿಂಗಳುಗಳಲ್ಲಿ ನೆರಳು ಬಲೆಯನ್ನು ತೆಗೆದು, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸುತ್ತ ಗಾಳಿಯಾಡಲು ಬಿಟ್ಟರೆ ಮಳೆ ಹೊರಗೆ, ಬೆಳಕು ಒಳಗೆ. ಚೀಲದ ತಳದಲ್ಲಿ ನೀರು ನಿಲ್ಲದಂತೆ ನೋಡಿಕೊಂಡರೆ ಕೊಳೆತವೂ ಕಡಿಮೆ. ಒಂದು ದೀಪದ ಬೆಲೆ ಇಂಥ ಚಪ್ಪರಕ್ಕೆ ಬಹಳಷ್ಟು ಒದಗೀತು.

ನಮ್ಮ ಸಲಹೆ

ಸಂಘ ದೀಪಕ್ಕೆ ಸಾಲ ಕೊಡುವ ಬದಲು ಒಂದು ಪುಸ್ತಕ ತೆರೆಯಲಿ. ಪ್ರತಿ ಸದಸ್ಯರೂ ತಮ್ಮ ತೋಟದ ಎರಡರಿಂದ ಐದು ಉತ್ತಮ ಮರಗಳಿಗೆ ಬಣ್ಣದ ಪಟ್ಟಿ ಬಳಿದು, ಕೊನೆ ಕೊಯ್ಲಿನ ಲೆಕ್ಕವನ್ನು ವರ್ಷವರ್ಷ ಆ ಪುಸ್ತಕದಲ್ಲಿ ಬರೆಸಲಿ. ಮೂರು ವರ್ಷ ನಂಬಿಕೆ ಉಳಿಸಿಕೊಂಡ ಮರಗಳ ಗೋಟನ್ನು ಸಂಘ ಪೇಟೆ ಧಾರಣೆಗಿಂತ ಮೇಲಿನ ಬೆಲೆಗೆ ಕೊಂಡು ತನ್ನದೇ ಮಡಿಯಲ್ಲಿ ಸಸಿ ಮಾಡಿ, ಯಾವ ಮರದ ಮಗಳೆಂಬ ಚೀಟಿ ಸಹಿತ ಸದಸ್ಯರಿಗೆ ಕೊಡಲಿ. ಕೊನೆಗಾರರಿಗೂ ಗುರುತಿಸಿದ ಮರಕ್ಕಿಷ್ಟು ಎಂದು ಗೌರವಧನ ಸಲ್ಲಲಿ. ಚೀಟಿಯಿದ್ದರೆ ನಾಳೆ ತಪ್ಪಾದಾಗ ಎಲ್ಲಿ ತಪ್ಪಿದೆವೆಂದು ಹಿಂತಿರುಗಿ ನೋಡಬಹುದು. ಇಂದು ನಮಗೆ ಆ ದಾರಿಯೂ ಇಲ್ಲ.

ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ನಮ್ಮ ಅಭಿಪ್ರಾಯಕ್ಕೆ ಒಪ್ಪದವರೂ ಬಂದು ಮಾತನಾಡಲಿ. ಅದಕ್ಕೆ ಮುಂಚೆ ಈ ಸಲದ ಕೊಯ್ಲಿನಲ್ಲಿ ಪ್ರತಿಯೊಬ್ಬರೂ ಒಂದು ಮಧ್ಯಾಹ್ನ ತೋಟದಲ್ಲಿ ತಲೆಯೆತ್ತಿ ನಡೆದು, ಕನಿಷ್ಠ ಎರಡು ಮರಗಳಿಗೆ ಗುರುತು ಹಾಕಿಬರಬೇಕೆಂದು ನಮ್ಮ ವಿನಂತಿ.